ಎಮ್ಮೆಗೆ ಬರುವ ಮಾತು ಮಗಳಿಗೆ ಬರಲಿಲ್ಲ

ತಪ್ಪು ನಮ್ಮದು. ಲಂಬಾಣಿ ಮಾತನ್ನು ಲಂಬಾಣಿಗರೇ ಮನೆಯಿಂದ ಹೊರಗೆ ಹಾಕಿದೆವು. ಆ ಕೆಲಸ ಮೊದಲು ಮಾಡಿದವರ ಸಾಲಿನಲ್ಲಿ ನಾನೂ ನಿಂತಿದ್ದೆ. ಇಷ್ಟು ಹೇಳಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಆ ಇಪ್ಪತ್ತು ವರ್ಷ ನಾನು ಸರ್ಕಾರವನ್ನು ಬೈದೆ, ಶಾಲೆಯನ್ನು ಬೈದೆ, ಟಿ.ವಿ.ಯನ್ನು ಬೈದೆ. ಮೈಕ್ ಹಿಡಿದು ಬೈದೆ. ಬೈದದ್ದೆಲ್ಲ ಕನ್ನಡದಲ್ಲಿ.

ನಾನು ಮುದ್ದೇಬಿಹಾಳ, ನಾಲತವಾಡದ ನಡುವೆ ಟಂಟಂ ಆಟೋ ಓಡಿಸುವವನು. ನಮ್ಮ ತಾಂಡಾ ಅದೇ ರಸ್ತೆಯ ಮೇಲಿದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಉಳಿದದ್ದನ್ನು ಸೀಟು ತುಂಬುವವರೆಗೆ ಸ್ಟ್ಯಾಂಡಿನಲ್ಲಿ ಕಾಯುತ್ತ ಓದಿದೆ. ನಮ್ಮ ಕಡೆ ಸೀಟು ಬೇಗ ತುಂಬುವುದಿಲ್ಲ, ಆದ್ದರಿಂದ ಸಾಕಷ್ಟು ಓದಿದ್ದೇನೆ.

ಮಗಳ ಮದುವೆ ಗೊತ್ತಾದಾಗ ನನ್ನ ತಾಯಿ ಒಂದು ಷರತ್ತು ಹಾಕಿದಳು. ತಾಯಿಗೆ ನಾವು ಯಾಡಿ ಅನ್ನುತ್ತೇವೆ, ಅಪ್ಪನ ತಾಯಿಗೆ ದಾದಿ. ನಮ್ಮಲ್ಲಿ ಹುಡುಗಿ ಗಂಡನ ಮನೆಗೆ ಹೊರಡುವಾಗ ಒಬ್ಬೊಬ್ಬರನ್ನೇ ತಬ್ಬಿಕೊಂಡು, ಹಾಡಿನ ಧಾಟಿಯಲ್ಲಿ, ನಮ್ಮ ಮಾತಿನಲ್ಲಿ ಅಳಬೇಕು. ಅದಕ್ಕೆ ಢಾವಲೋ ಅನ್ನುತ್ತಾರೆ. ಸಾಕಿದ್ದು, ಬೈದದ್ದು, ಹಂಚಿಕೊಂಡು ತಿಂದದ್ದು ಎಲ್ಲ ಅದರಲ್ಲಿ ಬರಬೇಕು. ಸುಮ್ಮನೆ ಕಣ್ಣು ಒರೆಸಿಕೊಂಡರೆ ಲೆಕ್ಕಕ್ಕಿಲ್ಲ. ಯಾಡಿ ಹೇಳಿದಳು: "ಢಾವಲೋ ಇಲ್ಲದ ನನ್ನ ಮೊಮ್ಮಗಳು ಹೊಸ್ತಿಲ ದಾಟಂಗಿಲ್ಲ. ಗಾಡಿ ವಾಪಸ್ ಹೋದ್ರ ಹೋಗ್ಲಿ."

ಮೊಮ್ಮಗಳಿಗೆ ನಮ್ಮ ಮಾತೇ ಬರುತ್ತಿರಲಿಲ್ಲ. ಯಾಕೆ ಬರುತ್ತಿರಲಿಲ್ಲ ಅನ್ನುವುದನ್ನು ಮೊದಲಿನಿಂದ ಹೇಳಬೇಕು. ಇಂಥವು ನಮ್ಮ ಕಡೆ ನಡೆಯುತ್ತಲೇ ಇರುತ್ತವೆ. ಕೇಳಿದವರು ನಕ್ಕು ಮರೆಯುತ್ತಾರೆ. ನಾನು ನಕ್ಕೆ, ಮರೆಯಲಿಲ್ಲ. ಯಾಡಿಯ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಕೊಟ್ಟಿದ್ದೇನೆ. ಅವಳು ಆಡಿದ್ದು ಲಂಬಾಣಿಯಲ್ಲಿ. ಹಾಗೇ ಬರೆದರೆ ನಮ್ಮ ತಾಂಡಾದ ಹುಡುಗರಿಗೇ ಓದಲು ಬರುವುದಿಲ್ಲ.

ಎಮ್ಮೆ

ಮಗಳನ್ನು ಮುದ್ದೇಬಿಹಾಳದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ ವರ್ಷ. ಅಕ್ಕೋರು ನನ್ನನ್ನು ಕರೆಸಿದರು.

"ಮನ್ಯಾಗ ಏನ್ ಮಾತಾಡ್ತೀರಿ?"

"ಲಂಬಾಣಿ ರೀ."

"ಅದಕ್ಕ ಹುಡುಗಿ ಹಿಂದ ಬೀಳಾಕತ್ತಾಳ. ಇಂಗ್ಲಿಷ್ ಆಗದಿದ್ರ ಕನ್ನಡನರ ಮಾತಾಡ್ರಿ."

ನಾನು ತಹಶೀಲ್ದಾರರ ಮೇಜು ಕುಟ್ಟಿ ಮಾತಾಡಿದವನು. ರಸ್ತೆಗೆ ಅಡ್ಡ ಕೂತು ಎರಡು ಸಲ ಠಾಣೆ ನೋಡಿ ಬಂದವನು. ಅಕ್ಕೋರ ಮುಂದೆ ಕೈ ಕಟ್ಟಿ "ಆಯ್ತ್ರಿ" ಅಂದೆ. ಮನೆಗೆ ಬಂದು ಆಜ್ಞೆ ಹೊರಡಿಸಿದೆ: ಹುಡುಗಿಯ ಮುಂದೆ ಇನ್ನು ಲಂಬಾಣಿ ಬಂದ್.

ಹೆಂಡತಿ ಒಪ್ಪಿದಳು. ಯಾಡಿ ಕೇಳಿದಳು: "ಹಂಗಾರ ನಾ ಯಾರ ಕೂಡ ಮಾತಾಡ್ಲಿ?"

"ಎಮ್ಮಿ ಕೂಡ ಮಾತಾಡು" ಅಂದೆ ಸಿಟ್ಟಿನಲ್ಲಿ.

ಅವಳು ಹಾಗೇ ಮಾಡಿದಳು. ಅವತ್ತಿನಿಂದ ತಾಂಡಾದ ಸುದ್ದಿ, ಮೊಣಕಾಲ ನೋವು, ನನ್ನ ಹೆಂಡತಿಯ ತಪ್ಪು, ನನ್ನ ತಪ್ಪು ಎಲ್ಲವೂ ಎಮ್ಮೆಗೆ ಹೋಗತೊಡಗಿದವು. ಎಮ್ಮೆ ಮೆಲುಕು ಹಾಕುತ್ತ ಕೇಳುತ್ತಿತ್ತು. ನನ್ನ ಸಭೆಗಳಲ್ಲಿ ಅಷ್ಟು ಸಮಾಧಾನದಿಂದ ಯಾರೂ ಕೇಳಿದ್ದಿಲ್ಲ.

ಮೂರು ತಿಂಗಳಿಗೆ ಅಕ್ಕೋರು ಮತ್ತೆ ಕರೆಸಿದರು. "ನಿಮ್ಮ ಮಗಳು ಕ್ಲಾಸಿನ್ಯಾಗ ಏನ್ ಹೇಳ್ಯಾಳ ಗೊತ್ತೈತೇನ್ರಿ? ಎಮ್ಮಿಗೊಳಿಗೆ ಬ್ಯಾರೆ ಭಾಷಾ ಐತಂತ. ಅದು ಅವರ ದಾದಿಗೆ ಒಬ್ಬಾಕಿಗೇ ಬರತೈತಂತ."

ಮುಂದೆ ಆ ಎಮ್ಮೆಯನ್ನು ಇಂಗಳೇಶ್ವರದ ಒಬ್ಬ ರೈತನಿಗೆ ಕೊಟ್ಟೆವು. ನಾಲ್ಕನೇ ದಿನಕ್ಕೆ ಅವನು ಬೈಕಿನ ಮೇಲೆ ಬಂದ. ಮುಖ ಬಾಡಿತ್ತು.

"ಎಮ್ಮಿ ಹಾಲ ಕೊಡವಲ್ದು. ಕರು ಬಿಟ್ಟೆ, ಹಿಂಡಿ ಇಟ್ಟೆ, ಮೈ ತಿಕ್ಕಿದೆ. ಒದಿಯಾಕ ಬರತೈತಿ."

ಯಾಡಿ ಹೊರಗೆ ಬಂದಳು. ಹೊರಗಿನವರ ಜೊತೆ ಮಾತ್ರ ಅವಳದು ಕನ್ನಡ. "ಹಿಂಡೂ ಮುಂದ ಅದಕ್ಕ ಏನಂತೀ?"

"ಏನ್ ಅನ್ನೋದಬೇ, 'ನಿಲ್ಲ' ಅಂತೇನಿ."

"ಅದಕ್ಕ ಕನ್ನಡ ಬರಂಗಿಲ್ಲೋ ತಮ್ಮಾ."

ಕಟ್ಟೆಯ ಮೇಲೆ ಕೂಡಿಸಿಕೊಂಡು ಐದಾರು ಮಾತು ಕಲಿಸಿದಳು. ಅವನು ಕ್ಯಾಲೆಂಡರಿನ ಹಿಂದೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡ, ನಾಲ್ಕು ಸಲ ಒಪ್ಪಿಸಿದ, ಯಾಡಿ ಎರಡು ಕಡೆ ತಿದ್ದಿದಳು, ಹೋದ. ಮುಂದೆ ಬಾಗೇವಾಡಿಯ ಸಂತೆಯಲ್ಲಿ ಸಿಕ್ಕಾಗ ನನ್ನ ಹೆಗಲ ಮೇಲೆ ಕೈ ಹಾಕಿ ಶುದ್ಧ ಲಂಬಾಣಿಯಲ್ಲಿ ಮಾತಾಡಿಸಿದ: "ಬಾ ನನ್ನವ್ವ, ನಿಲ್ಲು, ಕಾಲು ಎತ್ತಬ್ಯಾಡ."

ಅವನಿಗೆ ಬರುತ್ತಿದ್ದುದು ಅಷ್ಟೇ. ಆದರೆ ದಿನಕ್ಕೆ ಎರಡು ಹೊತ್ತು ಅವನ ಕೊಟ್ಟಿಗೆಯಲ್ಲಿ ನಮ್ಮ ಮಾತು ನಡೆಯುತ್ತಿತ್ತು. ಈಗ ಕರು ದೊಡ್ಡದಾಗಿ ಅದೂ ಹಾಲು ಕೊಡುತ್ತದೆ, ಅದಕ್ಕೂ ಲಂಬಾಣಿಯೇ ಬೇಕಂತೆ. ಎಮ್ಮೆ ತನ್ನ ಮಗಳಿಗೆ ಕಲಿಸಿತು. ನಾನು ನನ್ನ ಮಗಳಿಗೆ ಕಲಿಸಲಿಲ್ಲ.

ಸಿಂದಗಿಯ ಸಭೆ

ಮನೆಯಲ್ಲಿ ಬಂದ್ ಮಾಡಿದ ಮೇಲೆ ನಾನು ಹೊರಗೆ ಭಾಷೆಯ ಹೋರಾಟ ಶುರು ಮಾಡಿದೆ. ಸಿಂದಗಿಯಲ್ಲಿ ಒಂದು ಸಭಾಭವನ ಹಿಡಿದೆವು. ಸುತ್ತಿನ ನಾಲ್ಕು ತಾಲ್ಲೂಕಿನ ತಾಂಡಾಗಳಿಂದ ಕ್ರೂಸರ್ ತುಂಬಿ ಜನ ಬಂದರು. ಬ್ಯಾನರಿನ ಮೇಲೆ ದೊಡ್ಡದಾಗಿ "ನಮ್ಮ ಭಾಷೆ ನಮ್ಮ ಉಸಿರು" ಎಂದು ಕನ್ನಡದಲ್ಲಿ ಬರೆಸಿದ್ದೆ.

ನಮ್ಮ ಕ್ರೂಸರಿನಲ್ಲಿ ಬಳಿಗಾರ ಕಾಕಾನೂ ಇದ್ದ. ಇವನನ್ನು ಸ್ವಲ್ಪ ಗುರುತು ಮಾಡಿಕೊಳ್ಳಿ, ಮುಂದೆ ಬೇಕಾಗುತ್ತಾನೆ. ನಾಲತವಾಡದ ಮುಸಲ್ಮಾನ. ಅವನ ಅಜ್ಜನ ಕಾಲದಿಂದ ತಾಂಡಾಗಳಿಗೆ ಬಳೆ ಹಾಕುವ ಮನೆತನ. ಮೊದಲು ಸೈಕಲ್ಲಿಗೆ ಟ್ರಂಕ್ ಕಟ್ಟಿಕೊಂಡು ಬರುತ್ತಿದ್ದ, ಈಗ ಮೊಪೆಡ್. ಮನೆಯ ಮಾತು ಕನ್ನಡ. ತಾಂಡಾದೊಳಗೆ ಕಾಲಿಟ್ಟರೆ ಲಂಬಾಣಿ, ಅದೂ ನನಗಿಂತ ಚೆನ್ನಾಗಿ. ಬಳೆ ಮಾಲು ತರಲು ಸಿಂದಗಿಗೆ ಬಂದವನು, ವಾಪಸ್ ನಮ್ಮ ಗಾಡಿಯಲ್ಲೇ ಹೋಗಬೇಕಲ್ಲ ಎಂದು ಸಭೆಯ ಹಿಂದೆ ಕೂತಿದ್ದ.

ಸ್ವಾಗತ ಕನ್ನಡದಲ್ಲಿ ಆಯಿತು. ಅಧ್ಯಕ್ಷರು ನಮ್ಮವರೇ, ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಅವರ ಭಾಷಣದಲ್ಲಿ ಅರ್ಧ ಇಂಗ್ಲಿಷ್, ಉಳಿದರ್ಧ ತಮ್ಮ ಹುದ್ದೆಯ ಕಥೆ. ನಾನು ನಲವತ್ತು ನಿಮಿಷ ಮಾತಾಡಿದೆ. ಭಾಷೆ ಬಿಟ್ಟವರು ತಾಯಿಯನ್ನು ಬಿಟ್ಟವರು ಅಂದೆ. ಚಪ್ಪಾಳೆ ಬಿತ್ತು. ಇವತ್ತಿನಿಂದ ಎಲ್ಲರೂ ಮನೆಯಲ್ಲಿ ಲಂಬಾಣಿಯಲ್ಲೇ ಮಾತಾಡತಕ್ಕದ್ದು ಎಂಬ ಠರಾವನ್ನು ಸರ್ವಾನುಮತದಿಂದ, ಕನ್ನಡದಲ್ಲಿ, ಪಾಸು ಮಾಡಿದೆವು.

ಚಹಾ ಹಂಚುವವರು ಕಡಿಮೆ ಬಿದ್ದರು. ಕೂತು ಕೂತು ಬೇಸತ್ತಿದ್ದ ಕಾಕಾ ಎದ್ದು ಕಿಟ್ಲಿ ಹಿಡಿದ. ಮುಂದಿನ ಸಾಲಿಗೆ ಬಂದು ಎಲ್ಲರಿಗೂ ಕೇಳುವಂತೆ ನಮ್ಮ ಮಾತಿನಲ್ಲಿ ಕೇಳಿದ: "ಸಕ್ಕರಿ ಇಲ್ಲದ್ದು ಯಾರಿಗೆ ಬೇಕು?"

ಬೆಳಗಿನಿಂದ ಆ ಸಭೆಯಲ್ಲಿ ಕೇಳಿಸಿದ ಮೊದಲನೇ ಲಂಬಾಣಿ ಮಾತು ಅದು. ಎಲ್ಲರೂ ಕಾಕಾನ ಕಡೆ ತಿರುಗಿದರು. ಆಮೇಲೆ ಅಧ್ಯಕ್ಷರು ಕೈ ಎತ್ತಿದರು.

"ನನಗೊಂದು ಕೊಡ್ರಿ" ಅಂದರು, ಕನ್ನಡದಲ್ಲಿ.

ಮರುದಿನ ಪೇಪರಿನಲ್ಲಿ ಫೋಟೋ ಬಂತು. ವರದಿಗಾರ ಕೊನೆಗೆ ಬಂದಿದ್ದ, ಯಾರಾದರೂ ಲಂಬಾಣಿಯಲ್ಲಿ ಮಾತಾಡುವುದನ್ನು ತೆಗೆಯುತ್ತೇನೆ ಅಂದಿದ್ದ. ಸಿಕ್ಕವನು ಒಬ್ಬನೇ. ನನ್ನ ನಲವತ್ತು ನಿಮಿಷದ ಸುದ್ದಿ ಇಲ್ಲ. ಕಿಟ್ಲಿ ಹಿಡಿದ ಕಾಕಾನ ಫೋಟೋ, ಕೆಳಗೆ "ಮಾತೃಭಾಷೆಯಲ್ಲಿ ಸಭೆಯನ್ನು ಉದ್ದೇಶಿಸಿ ಮಾತನಾಡಿದ ಸಮಾಜದ ಹಿರಿಯರು."

ಯಾರ ಮನೆಯ ಮಾತು

ಮಗಳು ಓದಿ ಮುದ್ದೇಬಿಹಾಳದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆದಳು. ಆ ವರ್ಷವೇ ಏನೋ ಸಮೀಕ್ಷೆ ಎಂದು ಒಬ್ಬ ಮಾಸ್ತರರು ಫೋನು ಹಿಡಿದುಕೊಂಡು ಮನೆಗೆ ಬಂದರು. ಅವರು ಬಂದಾಗ ಕಾಕಾ ನಮ್ಮ ಕಟ್ಟೆಯ ಮೇಲೆ ಟ್ರಂಕ್ ಬಿಚ್ಚಿಕೊಂಡು ಯಾಡಿಗೆ ಬಳೆ ಹಾಕುತ್ತಿದ್ದ. ಯಾಡಿಯ ಕೈ ಗಟ್ಟಿ, ಗಾಜಿನ ಬಳೆ ಸುಲಭಕ್ಕೆ ಏರುವುದಿಲ್ಲ. ಎಲ್ಲ ಹೆಂಗಸರಿಗೂ ಹೇಳುವ ಮಾತನ್ನೇ ಕಾಕಾ ಅವಳಿಗೂ ನಮ್ಮ ಮಾತಿನಲ್ಲಿ ಹೇಳುತ್ತಿದ್ದ: "ಕೈ ಸಡಲ ಬಿಡು, ಸಡಲ ಬಿಡು. ಒಂದ್ ಗಳಿಗಿ ನೋವು. ಆಮ್ಯಾಲ ತಾನ ಹೋಗತೈತಿ." ನಲವತ್ತು ವರ್ಷದಿಂದ ಅದೇ ಧಾಟಿ. ಬಳೆ ಹಾಕುವಾಗ ಅವನ ಬಾಯಿ ಕೈಯ ಜೊತೆಗೇ ನಡೆಯುತ್ತದೆ.

ಮಾಸ್ತರರು ಕೇಳಿದರು: "ಮಾತೃಭಾಷೆ?"

"ಲಂಬಾಣಿ" ಅಂದೆ, ಎದೆ ಸೆಟೆಸಿ.

"ಎಲ್ಲಾರದೂ?"

ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳು ಸುಳ್ಳು ಹೇಳುವವಳಲ್ಲ. "ನನಗ ಬರಂಗಿಲ್ರಿ ಸರ್. ಒಂದೀಟು ತಿಳಿತೈತಿ. ಮಾತಾಡಾಕ ಬರಂಗಿಲ್ಲ. ನನಗ ಕನ್ನಡ, ಇಂಗ್ಲಿಷ್, ಹಿಂದಿ ಬರಕೋರಿ."

ನಾನು ಅವಳ ಕಡೆ ಕಣ್ಣು ಬಿಟ್ಟೆ. ಅವಳು ನನ್ನ ಕಡೆ ಕಣ್ಣು ಬಿಟ್ಟಳು. ಯಾರು ಬಂದ್ ಮಾಡಿಸಿದ್ದು ಎಂದು ಆ ಕಣ್ಣು ಕೇಳುತ್ತಿತ್ತು.

ಕಾಕಾ ತಲೆ ಎತ್ತದೆ ಅಂದ: "ನೀವು ಇಷ್ಟರ ಕೇಳಾಕತ್ತೀರಿ ಮಾಸ್ತರ. ನಮ್ಮ ಮನ್ಯಾಗ ಕೇಳೇ ಇಲ್ಲ. ಹೆಸರ ನೋಡಿದ್ರು, ಉರ್ದು ಅಂತ ಒತ್ತಿಬಿಟ್ರು. ನನಗ ಉರ್ದು ಬರಂಗಿಲ್ರಿ ಅಂದೆ. ಬರಬೇಕಲ್ರಿ ಅಂದ್ರು."

"ಮತ್ತ ನಿಮಗ ಏನ್ ಬರತೈತಿ?"

"ಕನ್ನಡ ಬರತೈತಿ. ಲಂಬಾಣಿ ಬರತೈತಿ. ಅವೆರಡೂ ಬರೀರಿ ಅಂದ್ರ, ನಗಚಾಟಿಕಿ ಮಾಡಬ್ಯಾಡ ಕಾಕಾ ಅಂದ್ರು."

ಮಾಸ್ತರರು ಫೋನು ಕೆಳಗಿಟ್ಟರು. ಲೆಕ್ಕ ಎಲ್ಲಿ ತಪ್ಪಿದೆ ಎಂದು ಅವರಿಗೆ ಗೊತ್ತಾಗಲಿಲ್ಲ. ಉರ್ದು ಬಾರದವನಿಗೆ ಉರ್ದು ಬರೆದಿದ್ದಾರೆ, ಲಂಬಾಣಿ ಬಾರದ ಹುಡುಗಿಗೆ ಅಪ್ಪ ಲಂಬಾಣಿ ಬರೆಸುತ್ತಿದ್ದಾನೆ, ಲಂಬಾಣಿ ಬರುವವನಿಗೆ ಬರೆಯಲು ಜಾಗವಿಲ್ಲ.

ಯಾಡಿಗೆ ಬಳೆ ಏರಿತು. ಕೈ ತಿರುಗಿಸಿ ನೋಡಿಕೊಂಡು ಮಾಸ್ತರರಿಗೆ ದಾರಿ ತೋರಿಸಿದಳು: "ತ್ರಾಸ ತಗೋಬ್ಯಾಡ್ರಿ. ಇವನ್ನ ನಮ್ಮ ಮನ್ಯಾಗ ಬರಕೋರಿ, ಈ ಹುಡುಗಿನ್ನ ಅವನ ಮನಿಗೆ ಹಚ್ಚರಿ. ಲೆಕ್ಕ ಸಮಾ ಆಕ್ಕೈತಿ."

ಇಂಡಿಯ ಬೀಗರು

ಗಂಡು ಮಹಾರಾಷ್ಟ್ರದ ಗಡಿಗೆ ಹತ್ತಿರದ ಇಂಡಿ ಕಡೆಯ ತಾಂಡಾದವನು. ಮಾತುಕತೆಗೆ ಎಂಟು ಜನ ಹಿರಿಯರು ಬಂದರು. ಕೊಡುವುದು ತರುವುದು ಎಲ್ಲ ಅರ್ಧ ತಾಸಿನಲ್ಲಿ ಮುಗಿಯಿತು. ಆಮೇಲೆ ಯಾಡಿ ಢಾವಲೋದ ಮಾತು ತೆಗೆದಳು. ಅಲ್ಲಿಂದ ಜಗಳ ಹತ್ತಿತು.

ಅವರ ಕಡೆಯ ಒಬ್ಬ ಹಿರಿಯ, ರುಮಾಲು ಭಾರೀ ದೊಡ್ಡದು, ಹೇಳಿದ: "ಢಾವಲೋ ಇರಲೇಬೇಕು. ಆದ್ರ ನಮ್ಮ ಕಡೇದು ಇರಬೇಕು. ನಿಮ್ಮದು ಕನ್ನಡ ಕೂಡಿ ಕೆಟ್ಟೈತಿ."

ನಮ್ಮ ತಾಂಡಾದ ಪಂಚಾಯ್ತಿ ನಡೆಸುವ ಕಾರಭಾರಿ ಬಿಡಲಿಲ್ಲ. "ನಿಮ್ಮದು ಮರಾಠಿ ಕೂಡಿ ಕೆಟ್ಟೈತಿ. ಅರ್ಧ ಮಾತು ನಮಗ ತಿಳಿಯಂಗಿಲ್ಲ."

"ನಿಮ್ಮದು ನಮಗ ಪೂರ್ತಿ ತಿಳಿಯಂಗಿಲ್ಲ."

ತಿಳಿಯುವುದಿಲ್ಲ ಎಂದು ಇಬ್ಬರೂ ಹಟ ಹಿಡಿದ ಮೇಲೆ ಜಗಳವನ್ನು ತಿಳಿಯುವ ಮಾತಿನಲ್ಲಿ ಮಾಡಬೇಕಾಯಿತು. ಯಾರ ಲಂಬಾಣಿ ಶುದ್ಧ ಎಂಬ ವಾದ ಮೂರು ತಾಸು ಕನ್ನಡದಲ್ಲಿ ನಡೆಯಿತು. ನಾನೂ ಸೇರಿಕೊಂಡೆ. ಓದಿದ್ದೆಲ್ಲ ಬಳಸಿದೆ. ರುಮಾಲಿನವನು "ನೀ ಓದಿದ್ದು ಕನ್ನಡದಾಗ" ಅಂದ. ನಾನು ದನಿ ಏರಿಸಿದೆ.

ಗಂಡು ಹೆಣ್ಣು ಇಬ್ಬರೂ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಮಾತಾಡುತ್ತಿದ್ದರು. ಯಾಡಿ ಬಹಳ ಹೊತ್ತು ಇತ್ತ ಜಗಳ ನೋಡಿದಳು, ಅತ್ತ ಅವರನ್ನು ನೋಡಿದಳು. ಕೊನೆಗೆ ಎದ್ದು ಗಿಡದ ಹತ್ತಿರ ಹೋಗಿ, ಸ್ವಲ್ಪ ಕಿವಿ ಕೊಟ್ಟು, ವಾಪಸ್ ಬಂದಳು.

"ಜಗಳ ಬಿಡ್ರಿ. ಅವರಿಬ್ಬರೂ ಹಿಂದಿ ಮಾತಾಡಾಕತ್ತಾರ."

ಕೈ ಸಡಲ ಬಿಡು

ಮದುವೆಗೆ ಎರಡು ತಿಂಗಳು ಇತ್ತು. ಯಾಡಿಯ ಷರತ್ತು ಒಂದು ಕೂದಲೆಳೆಯಷ್ಟೂ ಸಡಿಲವಾಗಲಿಲ್ಲ. ನಾನು ಮಗಳನ್ನು ಕರೆದುಕೊಂಡು ಅವಳ ಮುಂದೆ ಕೂತೆ. "ಕಲಿಸು ಯಾಡಿ."

"ಹುಚ್ಚ ಅದೀಯೇನ? ಲಗ್ನ ಇಲ್ಲದ ದಿನ ಮನ್ಯಾಗ ಢಾವಲೋ ಅಂದ್ರ ಹೆಣಾ ಬಿದ್ದಂಗ. ನಾ ಅನ್ನಂಗಿಲ್ಲ."

"ಮತ್ತ ಕಲಿಯೋದು ಹೆಂಗ?"

"ನಾ ಹೆಂಗ ಕಲತೆ? ಮಂದಿ ಲಗ್ನದಾಗ ಕುಂತು ಕೇಳಿ ಕಲತೆ. ನಿನ್ನ ಮಗಳು ಮಂದಿ ಲಗ್ನದಾಗ ಎಲ್ಲಿ ಇರತಿದ್ಲು?"

ಎಲ್ಲಿ ಇರುತ್ತಿದ್ದಳು ನನಗೆ ಗೊತ್ತಿತ್ತು. ಡಿಜೆ ಮುಂದೆ. ಆ ಡಿಜೆ ಬಾಡಿಗೆಗೆ ತಂದುಕೊಡುತ್ತಿದ್ದವನು ನಾನೇ, ನನ್ನ ಟಂಟಂನಲ್ಲಿ.

ಮಗಳು ಫೋನಿನಲ್ಲಿ ಹುಡುಕಿದಳು. ಒಂದು ಢಾವಲೋ ಸಿಕ್ಕಿತು, ತೆಲಂಗಾಣ ಕಡೆಯದು. ಇಯರ್ ಫೋನ್ ಹಾಕಿಕೊಂಡು ಎರಡು ದಿನ ಕೇಳಿದಳು. ಮೂರನೇ ದಿನ ನನ್ನ ಮುಂದೆ ಬಂದು ಕೂತಳು.

"ಅಪ್ಪಾ, ಇದರಾಗ ಆಕಿ ತನ್ನ ಏಳು ಮಂದಿ ಅಣ್ಣಂದಿರನ್ನ ನೆನಸಿ ಅಳತಾಳ. ನನಗ ಒಬ್ಬ ಅಣ್ಣನೂ ಇಲ್ಲ. ನಾ ಯಾರನ್ನ ನೆನಸ್ಲಿ?"

ಆಮೇಲೆ ಅವಳು ಆ ಮಾತು ತೆಗೆಯಲಿಲ್ಲ. ಸೋತಳು ಎಂದುಕೊಂಡೆ. ಗಾಡಿ ವಾಪಸ್ ಹೋಗುವುದು ಖರೆ ಎಂದುಕೊಂಡೆ. ಯಾಡಿ ಆಡಿದ ಮಾತಿಗೆ ತಪ್ಪಿದವಳಲ್ಲ. ಬೀಗರ ಮುಂದೆ ಏನು ಹೇಳಬೇಕು ಎಂದು ಸ್ಟ್ಯಾಂಡಿನಲ್ಲಿ ಕೂತು ಯೋಚಿಸುತ್ತಿದ್ದೆ. ಓದಲು ಮನಸ್ಸಾಗುತ್ತಿರಲಿಲ್ಲ.

ಅದರ ನಡುವೆ ಇನ್ನೊಂದು ವಿಚಿತ್ರ. ಮಗಳು ಪ್ರತಿ ರವಿವಾರ ನಾಲತವಾಡಕ್ಕೆ ಹೋಗತೊಡಗಿದಳು. ಹೋಗುವಾಗ ಬರಿಗೈ, ಬರುವಾಗ ಮೊಣಕೈವರೆಗೆ ಬಳೆ. ಮರುವಾರ ಅವನ್ನು ತೆಗೆಸಿ ಬೇರೆ. ಒಂದು ಸಲ ಹಸಿರು, ಒಂದು ಸಲ ಕೆಂಪು, ಒಂದು ಸಲ ಎರಡೂ ಕೂಡಿ. ಹೆಂಡತಿ ಕೇಳಿದರೆ "ಅಳತಿ ಸರಿ ಹೊಂದವಲ್ದು" ಅನ್ನುತ್ತಿದ್ದಳು. ಎಂಟು ವಾರ ಸರಿಹೊಂದದ ಅಳತೆ ಯಾವುದಪ್ಪಾ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಮದುವೆ ಆಯಿತು. ಊಟ ಆಯಿತು. ಹೊರಡುವ ಹೊತ್ತು ಬಂತು. ಹೊಸ್ತಿಲ ಒಳಗೆ ಮಗಳು, ಅಂಗಳದಲ್ಲಿ ಇಂಡಿಯ ಬೀಗರು, ಹೂ ಕಟ್ಟಿದ ಕಾರು. ಡಿಜೆ ಹುಡುಗರು ಇನ್ನೊಂದು ಹಾಡಿಗೆ ಕೈ ಹಾಕಿದ್ದರು. ಯಾಡಿ ಹೋಗಿ ವಾಯರ್ ಕಿತ್ತಳು.

ಯಾಡಿ ಹೊಸ್ತಿಲಿಗೆ ಅಡ್ಡ ನಿಂತಳು. ರುಮಾಲಿನ ಹಿರಿಯ ಮುಂದೆ ಬಂದು ಕಿವಿ ನೀಡಿದ. ನಾನು ನೆಲ ನೋಡಿದೆ.

ಮಗಳು ಮೊದಲು ನನ್ನ ಹತ್ತಿರ ಬಂದಳು. ಕೊರಳಿಗೆ ಬಿದ್ದಳು. ದನಿ ಎತ್ತಿದಳು. ನಮ್ಮ ಮಾತು, ನಮ್ಮ ಧಾಟಿ. "ಟಂಟಂ ಹೊಡೆದು ನನ್ನನ್ನು ಓದಿಸಿದ ಅಪ್ಪಾ" ಎಂದು ಶುರು ಮಾಡಿದಳು. ರಸ್ತೆಯ ಧೂಳು ಬಂತು, ಠಾಣೆಯಲ್ಲಿ ಕೂತದ್ದು ಬಂತು, ನನ್ನ ಸಿಟ್ಟು ಬಂತು. ಎಲ್ಲಿಯೂ ತಡವರಿಸಲಿಲ್ಲ. ನಮ್ಮಲ್ಲಿ ಅಪ್ಪನೂ ಅದೇ ಧಾಟಿಯಲ್ಲಿ ಉತ್ತರ ಕೊಡಬೇಕು. ಇಪ್ಪತ್ತು ವರ್ಷ ಭಾಷಣ ಮಾಡಿದ ಬಾಯಿ ತೆರೆದೆ.

"ಆಯ್ತವಾ. ಆಯ್ತು, ಆಯ್ತು" ಅಂದೆ, ಕನ್ನಡದಲ್ಲಿ.

ಅಮ್ಮನ ಹತ್ತಿರ ಅತ್ತಳು. ಕೊನೆಗೆ ಯಾಡಿಯ ಕೊರಳಿಗೆ ಬಿದ್ದಳು. ಯಾಡಿ ಅವಳ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮಗಳು ಅಳುತ್ತ ಹೇಳಿದಳು: "ದಾದೀ, ನಾನು ತೊಡೆಯ ಮೇಲೆ ಇದ್ದಾಗ ನೀನು ಎಮ್ಮೆಯ ಕೂಡ ಮಾತಾಡಿದಿ. ಎಮ್ಮೆ ಹೋಯಿತು, ನಾನೂ ಹೋಗುತ್ತೇನೆ, ಇನ್ನು ಯಾರ ಕೂಡ ಮಾತಾಡುತ್ತಿ?" ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಅದೇ ಧಾಟಿಯಲ್ಲಿ, ಅದೇ ಅಳುವಿನಲ್ಲಿ, ಎಳೆದು ಎಳೆದು ಹಾಡಿದಳು:

"ಕೈ ಸಡಲ ಬಿಡು, ದಾದೀ, ಸಡಲ ಬಿಡು. ಒಂದು ಗಳಿಗೆ ನೋವು. ಆಮೇಲೆ ತಾನೇ ಹೋಗುತ್ತದೆ."

ನನಗೆ ಎಲ್ಲ ತಿಳಿಯಿತು. ಎಂಟು ವಾರದ ಬಳೆ ತಿಳಿಯಿತು. ನಾನು ಕಾಕಾನನ್ನು ಹುಡುಕಿದೆ. ಅವನು ಟ್ರಂಕಿನ ಹಿಂದೆ ಕೂತು ಟವೆಲಿನಿಂದ ಮುಖ ಮುಚ್ಚಿಕೊಂಡಿದ್ದ. ಹೆಗಲು ಕುಣಿಯುತ್ತಿತ್ತು. ಅಳುವೋ ನಗುವೋ ಹೇಳಲು ಬರುತ್ತಿರಲಿಲ್ಲ.

ಆಮೇಲೆ ಅವನೇ ಹೇಳಿದ. ನಲವತ್ತು ವರ್ಷ ಮದುಮಗಳ ಮಗ್ಗುಲಲ್ಲಿ ಕೂತು ಕೇಳಿದ ಢಾವಲೋಗಳೆಲ್ಲ ಅವನ ತಲೆಯಲ್ಲಿ ಇದ್ದವು. ಮಾತು ನಮ್ಮ ಮಗಳದು, ಧಾಟಿ ಅವನದು, ಲಂಬಾಣಿಗೆ ತಿರುಗಿಸಿದ್ದೂ ಅವನೇ. ಆದರೆ ಸುಮ್ಮನೆ ಕೂತು ಹೇಳು ಅಂದರೆ ಅವನಿಗೆ ಒಂದು ಸಾಲೂ ಬರುತ್ತಿರಲಿಲ್ಲ. ಕೈಯಲ್ಲಿ ಬಳೆ ಇದ್ದರೆ ಮಾತ್ರ ಬಾಯಿಗೆ ಬರುತ್ತಿತ್ತು. ಅದಕ್ಕೆ ಪ್ರತಿ ರವಿವಾರ ಅವನು ಬಳೆ ಏರಿಸುತ್ತ ಹೇಳಿಕೊಟ್ಟ, ಅವಳು ಕೈ ಕೊಟ್ಟು ಕಲಿತಳು. ಸಾಲು ಸಾಲಿನ ನಡುವೆ ಅವನು ಅಭ್ಯಾಸಬಲದಿಂದ ಸೇರಿಸುತ್ತಿದ್ದ ಮಾತನ್ನೂ ಅವಳು ಹಾಡಿನದೇ ಎಂದು ಬಾಯಿಪಾಠ ಮಾಡಿಬಿಟ್ಟಿದ್ದಳು. "ಆ ಸಾಲು ನಂದು ಅಂತ ಹೇಳಬೇಕಂದೆ," ಎಂದ ಕಾಕಾ, "ಭಾಳ ಚಂದ ಕೂಡಿತ್ತು. ಬಾಯಿ ಬರಲಿಲ್ಲ."

ಇಷ್ಟೆಲ್ಲ ಆಮೇಲೆ ಗೊತ್ತಾದದ್ದು. ಹೊಸ್ತಿಲ ಹತ್ತಿರ ಆದದ್ದು ಬೇರೆ. ಕಾಕಾನ ಆ ಮಾತನ್ನು ಯಾಡಿ ನಲವತ್ತು ವರ್ಷ ತನ್ನ ಕೈ ಕೊಟ್ಟು ಕೇಳಿದವಳು. ಗುರುತು ಹಿಡಿಯದೆ ಇರಲಾರಳು. ಮೊಮ್ಮಗಳ ಮುಖ ನೋಡಿದಳು, ಟ್ರಂಕಿನ ಕಡೆ ನೋಡಿದಳು. ಹೆಂಗಸರೆಲ್ಲ ಅದೇ ಬಳೆ ತೊಟ್ಟವರು, ಅವರಿಗೂ ಗೊತ್ತಾಗಿತ್ತು, ಸೆರಗಿನೊಳಗೆ ಬೇರೆ ದನಿ ಕೇಳಿಸುತ್ತಿತ್ತು. ಯಾಡಿಯೂ ಈಗ ನಗುತ್ತಾಳೆ, ಇಲ್ಲ ಬೈಯುತ್ತಾಳೆ ಎಂದುಕೊಂಡೆ.

ಅವಳು ಕೈ ಸಡಿಲ ಬಿಟ್ಟಳು. ಮೊದಲು ಒಂದು, ಆಮೇಲೆ ಇನ್ನೊಂದು. ಹೊಸ್ತಿಲಿನಿಂದ ಬದಿಗೆ ಸರಿದಳು.

ಮಗಳು ದಾಟಿದಳು.

ಕಾರು ಹೊರಡುವ ಮೊದಲು ರುಮಾಲಿನ ಹಿರಿಯ ನನ್ನ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು. ನನ್ನ ಕೈ ಹಿಡಿದುಕೊಂಡ.

"ನಿಮ್ಮದು ಕೆಟ್ಟೈತಿ ಅಂದಿದ್ದೆ. ತಪ್ಪಾತು. ಆ ಕಡಿ ಸಾಲು ಐತಲ್ಲ, ಕೈ ಸಡಲ ಬಿಡು ಅನ್ನೋದು, ಅದು ಭಾಳ ಹಳೇದು. ಶುದ್ಧ ನಮ್ಮ ಹಿರೇರ ಮಾತು. ನಮ್ಮ ಕಡೆ ಕಳದು ಹೋಗೈತಿ."

ನಾನು ಟ್ರಂಕಿನ ಕಡೆ ನೋಡಿದೆ. ಕಾಕಾ ಟವೆಲನ್ನು ಇನ್ನಷ್ಟು ಗಟ್ಟಿಯಾಗಿ ಮುಖಕ್ಕೆ ಒತ್ತಿಕೊಂಡ.

"ಹೌದ್ರಿ," ಅಂದೆ, "ಭಾಳ ಹಳೇ ಮನೆತನದ್ದು."

ಈಗ ಇಂಡಿ ಕಡೆಯ ಮದುವೆಗಳಲ್ಲೂ ಆ ಸಾಲು ಹಾಡುತ್ತಾರಂತೆ. ಹಾಡಲಿ. ನನಗೆ ಹೇಳಬೇಕಾದದ್ದು ಬೇರೆ. ಬಳೆಗಾರ ನೆನಪಿಟ್ಟ ಎಂದು ನನ್ನ ಮಗಳು ಹೊಸ್ತಿಲು ದಾಟಿದಳು. ನಿಮ್ಮ ಊರಿಗೆ ಬರುವ ಬಳೆಗಾರ ನಿಮ್ಮ ಮನೆಯ ಮಾತು ನೆನಪಿಟ್ಟಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನ ಮೇಲೆ ಭಾರ ಹಾಕಿ ಕೂರಬೇಡಿ. ಸಭೆ ಮಾಡಬೇಡಿ, ಬ್ಯಾನರ್ ಬರೆಸಬೇಡಿ, ನನ್ನನ್ನು ಭಾಷಣಕ್ಕೆ ಕರೆಯಬೇಡಿ. ನಕ್ಕಿದ್ದು ಮುಗಿದಿದ್ದರೆ ಎದ್ದೇಳಿ. ನಿಮ್ಮ ಮನೆಯಲ್ಲೂ ಒಬ್ಬ ಮುದುಕಿ ತನ್ನ ಮಾತಿನಲ್ಲಿ ಎಮ್ಮೆಗೋ ಕೋಳಿಗೋ ಗೋಡೆಗೋ ಏನೋ ಹೇಳುತ್ತ ಕೂತಿರುತ್ತಾಳೆ. ಹೋಗಿ ಅವಳ ಎದುರು ಕೂರಿ. ಅವಳ ಮಾತಿನಲ್ಲೇ, ತಪ್ಪುತಪ್ಪಾಗಿಯಾದರೂ, ಊಟ ಆಯಿತೇನು ಎಂದು ಕೇಳಿ. ಇವತ್ತೇ ಕೇಳಿ.